ರುಮಾಲು ತೆಗೆದ ಕೈ

ಮಕಿಯಾನ್ ದ್ವೀಪ,
ರಜಬ್ ತಿಂಗಳ ಹನ್ನೆರಡು, ಹಿಜರಿ ೧೦೬೬

ಮುದ್ದಿನ ಮಗ ಇಲ್ಯಾಸನಿಗೆ ನಿನ್ನ ಬಾಬಾ ಮಾಡುವ ಸಲಾಮು, ಹರಕೆ.

ಮೈಯಲ್ಲಿ ಹುಷಾರಾಗಿದ್ದೀಯಾ? ಮಕಾಸರಿನ ನೀರು ಒಗ್ಗಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲಾ ಬಂದರಿನಲ್ಲಿ ಸಿಕ್ಕಿದ್ದು ತಿಂದು ಯಾವುದೋ ದೋಣಿಯ ಅಂಚಿನಲ್ಲಿ ಬಿದ್ದುಕೊಳ್ಳುತ್ತೀಯೋ? ನೀನು ಹೋಗಿ ಮೂರು ವರ್ಷ ತುಂಬಿತು, ಒಂದು ಸಾಲು ಬರಲಿಲ್ಲ. ಬೈಯಲು ಕೂತಿಲ್ಲ ಕಣಪ್ಪ, ಬೈಯುವ ತ್ರಾಣ ಈಗ ನನ್ನಲ್ಲಿಲ್ಲ. ಒಣಮೀನು ಮಾರುವವನೊಬ್ಬ ನಿಮ್ಮ ಕಡೆ ದೋಣಿ ಬಿಡುತ್ತಿದ್ದಾನೆ. ಅವನು ಹುಟ್ಟು ಹಾಕುವವರನ್ನು ಕೂಡಿಸಿಕೊಳ್ಳುವುದರೊಳಗೆ ಇದನ್ನು ಮುಗಿಸಬೇಕು. ನಿನ್ನಮ್ಮನ ಮಂಡಿ ಮೊದಲಿನ ಹಾಗಿಲ್ಲ. ಅಂಗಳ ದಾಟಿ ಬಾವಿಯವರೆಗೆ ಹೋದರೆ ಹೆಚ್ಚು. ಬಾಯಿ ಮಾತ್ರ ಗಟ್ಟಿಯಾಗಿದೆ, ಅಲ್ಲಾಹನ ದಯೆ.

ಊರಿನ ಸುದ್ದಿ ಏನೆಂದು ಬರೆಯಲಿ! ನಮ್ಮಜ್ಜನ ಕಾಲದಲ್ಲಿ ಪೋರ್ಚುಗೀಸರು ಲವಂಗ ಕೊಡಿ ಎಂದು ಬಂದರು. ಅವರ ಹಿಂದೆಯೇ ಸ್ಪೇನಿನವರು ಬಂದರು, ಅವರಿಗೂ ಅದೇ ಬೇಕಿತ್ತು. ಈಗ ಬಂದಿರುವ ಡಚ್ಚರು ಲವಂಗ ನಿಮ್ಮಲ್ಲಿ ಬೆಳೆಯಲೇ ಕೂಡದು ಎಂದು ಕೊಡಲಿ ಹಿಡಿದು ನಿಂತಿದ್ದಾರೆ. ತಾವು ಹೇಳಿದ ಒಂದೆರಡು ದ್ವೀಪದಲ್ಲಿ ಮಾತ್ರ ಬೆಳೆಯಬೇಕಂತೆ. ನಮ್ಮ ಸುಲ್ತಾನರೂ ಅದಕ್ಕೆ ಮೊಹರು ಒತ್ತಿಕೊಟ್ಟಿದ್ದಾರೆ, ಇನ್ನು ಯಾರ ಹತ್ತಿರ ಹೋಗಿ ಅಳುವುದು? ನೀನು ಹೋದ ಮರುವರ್ಷವೇ ತೋಟದ ಮರಗಳೆಲ್ಲ ಹೋದವು. ಊರಿನ ಒಂದೊಂದು ಮಗುವಿನ ಹೆಸರಲ್ಲಿ ನೆಟ್ಟ ಒಂದೊಂದು ಮರ. ನಿನ್ನ ತಂಗಿ ಸಫಿಯಾಳ ಮರ ಬಿದ್ದ ನಲವತ್ತನೇ ದಿನಕ್ಕೆ ಅವಳೂ ಜ್ವರದಲ್ಲಿ ಹೋದಳು. ಈ ಸುದ್ದಿ ನಿನಗೆ ತಲುಪಿತ್ತೋ ಇಲ್ಲವೋ ತಿಳಿಯದು. ಹೀಗೆ ಕಾಗದದಲ್ಲಿ ತಿಳಿಸಬೇಕಾಗಿ ಬಂತು, ತಪ್ಪು ತಿಳಿಯಬೇಡ ಮಗನೇ.

ಅಂದಿನಿಂದ ನಿನ್ನಮ್ಮನ ಜೀವವೆಲ್ಲ ಗುಡ್ಡದ ಮೇಲಿನ ನಿನ್ನ ಮರದಲ್ಲೇ ಇತ್ತು. ಕಡಲಗಳ್ಳರಿಗೆ ಹೆದರಿ ಊರೆಲ್ಲ ಗುಡ್ಡ ಹತ್ತಿದಾಗ ನೀನು ಅಲ್ಲೇ ಹುಟ್ಟಿದೆ, ಅಲ್ಲೇ ನಿನ್ನ ಸಸಿ ನೆಟ್ಟೆವು, ಹಾಗಾಗಿ ಅದೊಂದು ಉಳಿದುಕೊಂಡಿತ್ತು. ಪ್ರತಿ ಶುಕ್ರವಾರ ನಮಾಜು ಮುಗಿಸಿ ನಾನು ಹತ್ತಿ ಹೋಗಿ ನೋಡಿ ಬರಬೇಕು. ಹೊಸ್ತಿಲಲ್ಲಿ ಕಾಲಿಡುವುದೇ ತಡ, “ಏನ್ರೀ, ಮಗ ಹೇಗಿದಾನೆ?” ಎನ್ನುತ್ತಾಳೆ. ಮರ ಹೇಗಿದೆ ಎಂದು ಒಂದು ದಿನವೂ ಕೇಳಿದವಳಲ್ಲ. ಚಿಗುರು ಬಂದಿದೆ ಎಂದರೆ ಅವತ್ತು ಸಾಗೋ ರೊಟ್ಟಿ ಇನ್ನೊಂದು ಹೆಚ್ಚಿಗೆ ತಿನ್ನುತ್ತಾಳೆ. ಎಲೆ ಉದುರಿದೆ ಎಂದು ಬಾಯಿ ತಪ್ಪಿ ಹೇಳಿದ ವಾರ, “ಅಯ್ಯೋ, ನನ್ ಕಂದಂಗೆ ಅಲ್ಲಿ ಏನಾಯ್ತೋ” ಎಂದು ಮೂರು ದಿನ ಒಲೆಯನ್ನೇ ಹಚ್ಚಲಿಲ್ಲ. ಆಮೇಲೆ ನಾನು ಎಲೆ ಉದುರಿದ್ದನ್ನು ಹೇಳುವುದನ್ನೇ ಬಿಟ್ಟೆ.

ಹೋದ ತಿಂಗಳು ಡಚ್ಚರ ಸಿಪಾಯಿಗಳು ಮತ್ತೆ ಬಂದರು. ಗುಡ್ಡದಲ್ಲಿ ಅಡಗಿಸಿಟ್ಟ ಮರಗಳಿವೆ, ಊರ ಹಿರಿಯನೇ ದಾರಿ ತೋರಿಸಲಿ ಎಂದು ನನ್ನನ್ನೇ ಮುಂದೆ ಮಾಡಿದರು. ಅವರ ಜೊತೆ ಅಂಬೋನ್ ದ್ವೀಪದ ಕಡೆಯ ಒಬ್ಬ ದುಭಾಷಿ ಇದ್ದ, ನಮ್ಮ ಹಾಗೆಯೇ ಲವಂಗ ಬೆಳೆದ ಮನೆಯವನು. ನಿನ್ನ ಮರ ತಪ್ಪಿಸಿ ಹಳ್ಳದ ಕಡೆಯಿಂದ ಬಳಸಿಕೊಂಡು ಹೋಗೋಣ ಎಂದು ಲೆಕ್ಕ ಹಾಕಿದ್ದೆ. ಹಳ್ಳ ಮಣ್ಣು ಕುಸಿದು ಮುಚ್ಚಿಹೋಗಿತ್ತು. ಮೇಲಿನ ದಾರಿಯೇ ಗತಿಯಾಯಿತು. ದಟ್ಟ ಕಾಡು, ಸುತ್ತ ದೊಡ್ಡ ದೊಡ್ಡ ಮರ, ಬಿಳಿಯರಿಗೆ ಗುರುತು ಹತ್ತುವ ಮಾತೇ ಇರಲಿಲ್ಲ. ತಲೆ ಎತ್ತಬಾರದು, ಆ ಕಡೆ ನೋಡಬಾರದು ಎಂದು ಕಾಲ ಹೆಬ್ಬೆರಳನ್ನೇ ನೋಡುತ್ತಾ ನಡೆದೆ.

ಮರ ಮೊಗ್ಗು ಹಿಡಿದಿತ್ತು ಇಲ್ಯಾಸ್. ಮೊಗ್ಗು ಹಿಡಿದ ಮರ ಬಸುರಿ ಹೆಂಗಸಿದ್ದ ಹಾಗೆ, ಅದರ ಮುಂದೆ ತಲೆ ಮುಚ್ಚಿಕೊಂಡು ಹೋಗಬಾರದು, ಗದ್ದಲ ಮಾಡಬಾರದು ಎಂದು ನಾನೇ ನಿನಗೆ ಕಲಿಸಿದವನು. ಒಮ್ಮೆ ಅಲ್ಲಿ ಕೂಗಾಡಿದ್ದಕ್ಕೆ ನಿನ್ನ ಬಾಯಿಗೆ ಬಡಿದಿದ್ದೆ ಕೂಡ. ಅರವತ್ತು ವರ್ಷದ ರೂಢಿ ನೋಡು, ಕೈ ತಾನಾಗಿಯೇ ಮೇಲೆ ಹೋಯಿತು. ರುಮಾಲು ಕೈಯಲ್ಲಿ ಬಂದ ಮೇಲೆಯೇ ನನಗೆ ತಿಳಿದದ್ದು.

ದುಭಾಷಿ ನಿಂತುಬಿಟ್ಟ. “ಯಜಮಾನ್ರೇ, ರುಮಾಲು ಯಾಕೆ ತೆಗೆದ್ರಿ?” ಎಂದ. ಸೆಕೆ ಎಂದೆ. “ಈ ನೆರಳಲ್ಲಾ?” ಎಂದ. ಆಮೇಲೆ ತಲೆ ಎತ್ತಿ ಮೇಲೆ ನೋಡಿದ. ಅವನ ಕೈಯೂ ತನ್ನ ತಲೆಯ ಬಟ್ಟೆಯವರೆಗೆ ಹೋಗಿ ಅಲ್ಲೇ ನಿಂತಿತು. ಪಾಪ, ಅವನ ಮುಖ ಸಣ್ಣಗಾಯಿತು. ಆದರೂ ಸಿಪಾಯಿಗಳಿಗೆ ಹೇಳಿಬಿಟ್ಟ. ಹೇಳದಿದ್ದರೆ ಅವನ ತಲೆ ಹೋಗುತ್ತಿತ್ತೇನೋ, ಅವನನ್ನು ಶಪಿಸಲು ನನಗೆ ಮನಸ್ಸು ಬರಲಿಲ್ಲ. ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತಿನಲ್ಲಿ ಮುಗಿಯಿತು. ಬುಡಕ್ಕೆ ಬೆಂಕಿಯನ್ನೂ ಇಟ್ಟರು. ನಾನು ಬರಿದಲೆಯಲ್ಲೇ ನಿಂತಿದ್ದೆ.

ನಿನ್ನಮ್ಮನಿಗೆ ಹೇಳಲಿಲ್ಲ. ಹೇಗೆ ಹೇಳಲಿ? ಈಗಲೂ ಶುಕ್ರವಾರ ಗುಡ್ಡ ಹತ್ತಿ, ಸುಟ್ಟ ಬೊಡ್ಡೆಯ ಪಕ್ಕ ಕೂತು, ಇಳಿದು ಬರುತ್ತೇನೆ. ಮಗ ಹೇಗಿದಾನೆ ಎಂದರೆ ಚೆನ್ನಾಗಿದಾನೆ ಕಣೇ ಎನ್ನುತ್ತೇನೆ. ಸುಳ್ಳು ಹೇಳಿ ಹೇಳಿ ಸುಸ್ತಾಗಿದೆ, ಮಂಡಿ ನನಗೂ ನೋಯುತ್ತದೆ. ದೋಣಿಯವನು ಕೂಗುತ್ತಿದ್ದಾನೆ. ಎಲ್ಲಿದ್ದರೂ ಅಲ್ಲಾಹನು ನಿನ್ನನ್ನು ತಣ್ಣಗಿಟ್ಟಿರಲಿ, ನಿನ್ನ ಜೊತೆಯವರಿಗೆಲ್ಲ ನನ್ನ ಸಲಾಮು ಹೇಳು.

ನಿನ್ನ ಬಾಬಾ,
ತಾಹಿರ್

ಮರೆತಿದ್ದೆ: ಕೊಯ್ಲಿಗೆ ಇನ್ನೆರಡು ತಿಂಗಳು. ನಿನ್ನ ಮರದ ಮೊದಲ ಹಿಡಿ ಲವಂಗ ತನ್ನ ಕೈಗೇ ತಂದು ಹಾಕಬೇಕೆಂದು ನಿನ್ನಮ್ಮ ಹೇಳಿಟ್ಟಿದ್ದಾಳೆ. ಇಲ್ಲಿ ಈಗ ಒಂದು ಕಾಳೂ ಹುಟ್ಟುವುದಿಲ್ಲ. ಮಕಾಸರಿನ ಪೇಟೆಯಲ್ಲಿ ಕದ್ದುಮುಚ್ಚಿ ಮಾರುತ್ತಾರಂತೆ, ಒಂದು ಹಿಡಿ ಕೊಂಡು ಇದೇ ದೋಣಿಯವನ ಕೈಲಿ ಕಳಿಸು. ಸಿಗದಿದ್ದರೂ ಇರಲಿ, ಅವಳಿಗೆ ಇನ್ನೊಂದು ಸುಳ್ಳು ಹೇಳಿಕೊಂಡೇನು. ನನಗೆ ನಾನೇ ಹೇಳಿಕೊಳ್ಳಲು ಒಂದೂ ಹೊಳೆಯುತ್ತಿಲ್ಲ. ಬದುಕಿದ್ದೀಯ ಎಂದು ನಿನ್ನ ಕೈಯಾರೆ ಒಂದು ಸಾಲು ಬರೆ ಮಗನೇ.