ತೊಟ್ಟಿಲ ಮೇಲೆ ಬಿದ್ದ ಛತ್ತು

ಬಾಳೇಶಾ,

ಒಳಗೆ ಕಾಲಿಡಬೇಡ, ಮನೆಯ ಉಳಿದ ಛತ್ತೂ ತಲೆಯ ಮೇಲೆ ಬೀಳುವಂತಿದೆ. ಬಾಗಿಲಿನಿಂದಲೇ ತಿರುಗು.

ನಿನ್ನ ಕೂಸಿಗೆ ಹೆಸರಿಡುವ ಮೊದಲು ಶಾಸ್ತ್ರದಂತೆ ರುಬ್ಬುವ ಗುಂಡಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ತೂಗಿದೆವು. ಮನೆ ಮಾಲೀಕ ಸುಣ್ಣ ಬಳಿದು ಮುಚ್ಚಿದ್ದ ಬಿರುಕು ಬಾಯಿ ಬಿಟ್ಟು, ತೊಟ್ಟಿಲು ಕಟ್ಟಿದ್ದ ಕೊಂಡಿ ಸಮೇತ ಛತ್ತು ಕಳಚಿ ಬಿದ್ದು ತೊಟ್ಟಿಲು ಚೂರಾಯಿತು. ಕೂಸು ಇನ್ನೂ ತಾಯಿ ಶೈಲಾಳ ತೊಡೆಯ ಮೇಲಿತ್ತು. ಶಿವ ಕಾಯ್ದ.

ಮಾಲೀಕ ಬಂದವನೇ, "ಕಲ್ಲ ತೂಗಿದ್ರ ಬೀಳದ ಏನ್ ಮಾಡತೈತಿಬೇ? ಕೂಸಿನ್ನ ಹಾಕಿ ತೂಗಬೇಕಿತ್ತ" ಎಂದು ನಕ್ಕ. ಇರುವೆ ತುಳಿಯಲು ಅಂಜುವವಳು ನಾನು, ಆ ಕಲ್ಲನ್ನೇ ಎತ್ತಿ ಅವನ ಬಾಯಿಗೆ ಬಡಿದೆ. ಹಲ್ಲು ಉದುರಿ ಅಂಗಿಯೆಲ್ಲ ರಕ್ತವಾಯಿತು.

ಶೈಲಾ ಮತ್ತು ಕೂಸು ನಾಗನೂರಿನಲ್ಲಿ ನಿನ್ನ ಅಕ್ಕನ ಮನೆಯಲ್ಲಿದ್ದಾರೆ. ಉಂಡು ಅಲ್ಲಿಯೇ ಮಲಗು.

ನಾನಾಗಿಯೇ ಠಾಣೆಗೆ ಹೊರಟಿದ್ದೇನೆ. ನನ್ನ ಸಲುವಾಗಿ ನೀನು ಆ ಮಾಲೀಕನ ಕಾಲು ಹಿಡಿಯಬೇಡ. ಹೊಡೆದದ್ದು ತಪ್ಪೆಂದು ಶಿವನ ಮುಂದೆ ಒಪ್ಪಿಕೊಳ್ಳುತ್ತೇನೆ, ಅವನ ಮುಂದಲ್ಲ.

ಅವ್ವ