ಕದಂ ತಾಲ್

ನಂಜನಗೂಡು
೨೧ ಜುಲೈ ೨೦೨೫

ಪ್ರೀತಿಯ ತಮ್ಮ ಅಮೃತೇಶ,

ಹೇಗಿದ್ದೀಯಪ್ಪ? ಮಂಡಿನೋವು ಇಳಿಯಿತೆ? ಗಡಿಯ ಬೆಟ್ಟ ಹತ್ತಿದ ಮೇಲೆ ನಿನ್ನ ಫೋನು ಮೌನವ್ರತ ಹಿಡಿದಿದೆ. ಅದಕ್ಕೇ ಈ ಕಾಗದ. ನಾನೂ ನಿನ್ನ ಅತ್ತಿಗೆ ಬಿಂದುಶ್ರೀಯೂ ಚೆನ್ನಾಗಿದ್ದೇವೆ. ಕಾಲೇಜಿನಲ್ಲಿ ಹುಡುಗರು ನನ್ನ ಪಾಠಕ್ಕೆ ಎಂದಿನಂತೆ ಶಿಸ್ತಾಗಿ ನಿದ್ದೆ ಮಾಡುತ್ತಾರೆ.

ಇನ್ನು ಅಪ್ಪ. ಹವಾಲ್ದಾರ್ ಮಹದೇವಯ್ಯನವರು ನನ್ನ ಹೆಸರು ಮರೆತರೂ ಕವಾಯತು ಮರೆತಿಲ್ಲ. ಬೆಳಗಾದರೆ ಹಿತ್ತಲಲ್ಲಿ ಕದಂ ತಾಲ್. ನಿಂತಲ್ಲೇ ಕಾಲೆತ್ತಿ ಹಾಕುವುದು, ಒಂದಡಿಯೂ ಮುಂದೆ ಹೋಗದಿರುವುದು, ನನ್ನ ಪಿಎಚ್.ಡಿ. ಹಾಗೆ ಅಂತ ಬಿಂದು ನಗುತ್ತಿದ್ದಳು. ಅದು ನಿಲ್ಲುವುದಲ್ಲ, ಮುಂದಿನ ಆರ್ಡರಿಗೆ ಕಾಯುವುದು ಅಂತ ನೀನೇ ಹೇಳಿಕೊಟ್ಟಿದ್ದೆ. ‘ಥಮ್’ ಅಂದರೆ ನಿಲ್ಲಬೇಕು, ‘ಆಗೇ ಬಢ್’ ಅಂದರೆ ನಡೆಯಬೇಕು. ನಿನ್ನ ಥಮ್‌ಗೆ ತಟ್ಟನೆ ನಿಲ್ಲುತ್ತಿದ್ದ ಕಾಲು ನನ್ನದಕ್ಕೆ ನಿಲ್ಲದು. ಹಾಗಾಗಿ ನಾನು ತಟ್ಟೆ ಹಾಕಿಟ್ಟು ‘ಆಗೇ ಬಢ್’ ಅನ್ನುತ್ತಿದ್ದೆ. ನೆಟ್ಟಗೆ ನಡೆದು ಬಂದು ಮುದ್ದೆಯ ಮುಂದೆ ಕೂರುತ್ತಿದ್ದರು. ನನ್ನ ಜಾಣತನಕ್ಕೆ ನಾನೇ ಮೆಡಲು ಕೊಟ್ಟುಕೊಂಡಿದ್ದೆ.

ಹೋದ ವಾರದಿಂದ ಅಪ್ಪ ಹಿತ್ತಲು ಬಿಟ್ಟು ಸ್ನಾನಘಟ್ಟಕ್ಕೆ ಹೋಗುತ್ತಿದ್ದಾರೆ. ನೀರಿನಂಚಿನ ಮೆಟ್ಟಿಲ ಮೇಲೆ, ಹೊಳೆಗೆ ಮುಖ ಮಾಡಿ, ಅದೇ ಕದಂ ತಾಲ್. ಜಲಾಶಯದಿಂದ ನೀರು ಬಿಟ್ಟಿದ್ದಾರೆ. ಕಪಿಲೆ ದಿನಕ್ಕೊಂದು ಮೆಟ್ಟಿಲು ಹತ್ತಿ ಬರುತ್ತಿದ್ದಾಳೆ. ಯಾತಕ್ಕೆ ಕಾಯುತ್ತಿದ್ದೀರಿ ಅಂತ ಹೂ ಮಾರುವ ದೇವೀರಮ್ಮ ಕೇಳಿದರೆ, “ಆರ್ಡರ್ ಬಂದಿಲ್ಲ ಕಣವ್ವ” ಅಂದರಂತೆ. ನಿನ್ನೆ ಭಾನುವಾರ, ಉತ್ತರದ ಕಡೆಯ ಯಾತ್ರಿಕನೊಬ್ಬ ತನ್ನವರಿಗೆ ‘ಆಗೇ ಬಢೋ’ ಅಂತ ಕೂಗಿದ. ಅಪ್ಪನ ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ನಾನು ತೋಳು ಹಿಡಿದುಕೊಂಡೆ. ಈಗ ಮನೆಯಲ್ಲಿ ಆ ಎರಡು ಪದ ಯಾರೂ ಆಡುವುದಿಲ್ಲ. ಬಿಂದುವೂ ನಗುವುದಿಲ್ಲ.

ನಮ್ಮೆಲ್ಲರನ್ನೂ ಕಾಯುವ ನಿನಗೆ ನಂಜುಂಡೇಶ್ವರ ಕಾವಲಿರಲಿ. ಅತ್ತಿಗೆ ಹುಚ್ಚೆಳ್ಳಿನ ಚಟ್ನಿಪುಡಿ ಮಾಡಿಟ್ಟಿದ್ದಾಳೆ.

ನಿನ್ನ ಅಣ್ಣ,
ಮಾದೇಶ

ವಿ.ಸೂ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಆರ್ಡರ್ ಬಂತು. ಬೇರೆ ಯಾರೂ ಕೊಡಲಿಲ್ಲ. ಅಪ್ಪನೇ ಗಟ್ಟಿಯಾಗಿ ಕೊಟ್ಟುಕೊಂಡರು. ನಾನು ಓಡಿ ಹಿಡಿಯುವಷ್ಟರಲ್ಲಿ ನೀರು ಸೊಂಟಕ್ಕಿತ್ತು. ಥಮ್ ಅಂತ ಕಿರುಚಿದೆ. ತಿರುಗಿ ನೋಡಿ, “ನೀನು ಸಿವಿಲಿಯನ್ ಕಣ್ಲಾ, ನಿನ್ ಮಾತ್ ಕೇಳಂಗಿಲ್ಲ” ಅಂದರು. ಹೇಗೋ ಎಳೆದು ಮನೆಗೆ ತಂದು, ಕೋಣೆಯಲ್ಲಿ ಕೂರಿಸಿ ಬೀಗ ಹಾಕಿ ಇದನ್ನು ಬರೆಯುತ್ತಿದ್ದೇನೆ. ಒಳಗೆ ಕಾಲಿನ ಸದ್ದು ಇನ್ನೂ ನಿಂತಿಲ್ಲ. ಬಂದು ಥಮ್ ಅನ್ನು.