ಬಾಟಮ್ ದಾಟಿದ ಮೇಲೂ ಐದೇ

ಫೆಬ್ರವರಿ 10, 2006. ಶುಕ್ರವಾರ

ಇವತ್ತೂ ಬಸ್ಸಲ್ಲಿ ನಿಂತೇ ಮನೆಗೆ ಬಂದೆ. ಸರೋಜಿನಿ ನಗರದಲ್ಲಿ ಇಳಿಯೋಷ್ಟರಲ್ಲಿ ಕಾಲು ಬಿದ್ದುಹೋಗಿತ್ತು. ಆದ್ರೂ ಖುಷಿ. ಗ್ರೂಪ್ ಮೀಟಿಂಗಲ್ಲಿ ಗೆದ್ದೆ.

ನಮ್ಮ ಗ್ರೂಪಿನ ಹೆಡ್ ಗೋಪಿನಾಥ್ ಸರ್ ನಿಯಮ — ಒಂದೇ ಲೆಕ್ಕವನ್ನ ಇಬ್ಬರು ಬೇರೆ ಬೇರೆ ಸ್ಕೀಮಲ್ಲಿ, ಅಂದ್ರೆ ಬೇರೆ ಬೇರೆ ಪದ್ಧತೀಲಿ ಮಾಡಬೇಕು. ಕೊನೇ ದಿನದ ತನಕ ಒಬ್ಬರದ್ದು ಒಬ್ಬರು ನೋಡೋ ಹಾಗಿಲ್ಲ. ನಂದು ಎಂಎಸ್-ಬಾರ್. ಪ್ರೇರಣಾದು ಮೊಮೆಂಟಮ್ ಸ್ಕೀಮ್. ಲೆಕ್ಕದಲ್ಲಿ ಏಳೋ ಇನ್ಫಿನಿಟಿ ಕಳೆಯೋ ರೀತಿ ಬೇರೆ, ಹಾಗಾಗಿ ಕಪ್ಲಿಂಗ್ — ಕ್ವಾರ್ಕ್ ಕಣಗಳ ನಡುವಿನ ಬಲದ ಅಳತೆ — ಬೇರೆ ಬರತ್ತೆ. ಬರಲಿ. ಕೊನೆಗೆ ಲ್ಯಾಬಿನವರು ಅಳೆಯೋ ನಂಬರ್ ಮಾತ್ರ ಹೆಚ್ಚುಕಮ್ಮಿ ಒಂದೇ ಬರಬೇಕು. ಇವತ್ತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ವಿ, ಬರಲಿಲ್ಲ. ನಂದು ಎಕ್ಸ್‌ಪೆರಿಮೆಂಟಿಗೆ ಸರಿಯಾಗಿ ಕೂತಿತ್ತು. ಅವಳದ್ದು ಎಲ್ಲೋ...

"ಸರ್, ನಿಮ್ಮ ಕಪ್ಲಿಂಗಿನ ರನ್ನಿಂಗ್ ಒಂದ್ಸಲ ತೋರಿಸ್ತೀರಾ?" ಕನ್ನಡದಲ್ಲೇ, ಮೆಲ್ಲಗೆ ಕೇಳಿದಳು. ನಾನು ಹಿಂದೀಲಿ, ಜೋರಾಗಿ — "ಪೆಹಲೆ ಅಪನಾ ಘರ್ ಸಂಭಾಲೋ, ಮೇಡಂ." ಮೊದಲು ನಿನ್ನ ಮನೆ ನೋಡ್ಕೋ, ಅಂತ. ಎಲ್ಲ ನಕ್ಕರು.

ಸೆಕೆಂಡ್ ಇಯರ್ ಹುಡುಗಿ. ಮಾರ್ಚ್ ಮೂರಕ್ಕೆ ಅವಳ ರಿವ್ಯೂ ಕಮಿಟಿ. ಅವರು ಒಪ್ಪದಿದ್ರೆ ಫೆಲೋಶಿಪ್ ನಿಂತಿತು, ಪಿಎಚ್‌ಡಿ ಅಲ್ಲಿಗೇ ಮುಗೀತು. ಹುಷಾರಾಗಿ ಲೆಕ್ಕ ಮಾಡೋದು ಕಲೀಲಿ.

ಫೆ. 15, ಬುಧವಾರ

ಪೇಪರಿಗೆ ಪ್ಲಾಟ್ ಮಾಡೋಣ ಅಂತ ಕೋಡ್ ತೆಗೆದೆ. ಮಧ್ಯದ ಒಂದು ಸಾಲನ್ನ ಎರಡು ಸಲ ಓದಿದೆ.

ಅವಳು ಕೇಳಿದ ರನ್ನಿಂಗ್ ಅದೇ — ಕಪ್ಲಿಂಗನ್ನ ಮೇಲಿನ ಎನರ್ಜಿಯಿಂದ ಕೆಳಗೆ ಇಳಿಸಿಕೊಂಡು ಬಂದಿದೀನಿ. ದಾರೀಲಿ ಬಾಟಮ್ ಕ್ವಾರ್ಕಿನ ಮಾಸ್ ದಾಟಿದ ಮೇಲೆ ಅದನ್ನ ಎಣಿಕೆಯಿಂದ ಬಿಡಬೇಕು — ಐದು ಕ್ವಾರ್ಕ್ ಇದ್ದಿದ್ದು ನಾಲ್ಕಾಗಬೇಕು. ಬಿಟ್ಟಿಲ್ಲ. ಕೆಳಗಿನ ತನಕ ಐದೇ. ಥೂ! ಎಂ.ಎಸ್ಸಿ. ಕ್ಲಾಸಲ್ಲಿ ನಾನೇ ಬೋರ್ಡ್ ಮೇಲೆ ಬರೆದು ತೋರಿಸೋದು ಇದನ್ನ.

ಸರಿಮಾಡಿ ಓಡಿಸಿದೆ. ನನ್ನ ನಂಬರ್ ಎಕ್ಸ್‌ಪೆರಿಮೆಂಟ್ ಬಿಟ್ಟು ಸೀದಾ ಪ್ರೇರಣಾಳ ನಂಬರ್ ಪಕ್ಕ ಹೋಗಿ ಕೂತಿತು. ಅವಳದ್ದೇ ಸರಿ. ನಂದು ಎಕ್ಸ್‌ಪೆರಿಮೆಂಟಿಗೆ ಕೂತಿದ್ದು ಬರೀ ಅದೃಷ್ಟ.

ನಾಳೆ ಹೇಳ್ತೀನಿ.

ಫೆ. 16

ಹೇಳಲಿಲ್ಲ. ಗೋಪಿನಾಥ್ ಸರ್ ರೂಮಲ್ಲಿ ಯಾರೋ ಇದ್ದರು.

ಸುಳ್ಳು. ಯಾರೂ ಇರಲಿಲ್ಲ. ಬಾಗಿಲ ತನಕ ಹೋಗಿ ವಾಪಸ್ ಬಂದೆ.

ಫೆ. 23, ಗುರುವಾರ

ಇಷ್ಟು ದಿನ ಇಲ್ಲಿ ಬರೆಯೋಕೂ ಮುಖ ಇರಲಿಲ್ಲ.

ಕ್ಯಾಂಟೀನಲ್ಲಿದ್ದೆ. ಪ್ರೇರಣಾ ಓಡಿ ಬಂದಳು. ನಿದ್ದೆಗೆಟ್ಟ ಮುಖ, ಆದ್ರೂ ಅರಳಿತ್ತು.

"ಸರ್, ನನ್ನ ತಪ್ಪು ಸಿಕ್ತು! ಬಾಟಮ್ ಹತ್ರ ಒಂದು ಕ್ವಾರ್ಕ್ ಬಿಡ್ತಿದ್ದೆ. ಬಿಡದೇ ಇದ್ರೆ ನಿಮ್ಮ ನಂಬರೇ ಬರತ್ತೆ."

ಅಯ್ಯೋ ದೇವರೇ.

"ಯಾಕೆ ಬಿಡಬಾರದು ಅಂತ ಮಾತ್ರ ಗೊತ್ತಾಗ್ತಿಲ್ಲ ಸರ್. ಪುಸ್ತಕದಲ್ಲೆಲ್ಲ ಬಿಡಬೇಕು ಅಂತಾನೇ ಇದೆ. ಆದ್ರೆ ನಿಮ್ಮದು ಸರಿ ಬಂದಿದೆಯಲ್ಲ, ಅದಕ್ಕೇ..."

ನಾನು ಏನಂದೆ? "ಅಚ್ಛಾ. ಗುಡ್." ಮೇಲಿಂದ ಸಮೋಸಾ ಬೇರೆ ಕೊಡಿಸಿದೆ. ಸರಿಯಾಗಿದ್ದ ಲೆಕ್ಕವನ್ನ ಆ ಹುಡುಗಿ ನನ್ನ ಮೇಲಿನ ನಂಬಿಕೆಯಿಂದ ಕೆಡಿಸಿಕೊಂಡಳು. ನಾನು ಚಟ್ನಿ ಹಾಕಿಸಿಕೊಳ್ತಾ ನಿಂತಿದ್ದೆ.

ಮನೇಲಿ ವಸಂತಿ ಅಕ್ಕ — "ಏನೋ ಚಂದ್ರೂ, ತಟ್ಟೆ ಮುಂದಿಟ್ಕೊಂಡು ಗೋಡೆ ನೋಡ್ತೀಯ? ಸಾರು ಸರಿಯಿಲ್ವಾ?" ಸಾರು ಚೆನ್ನಾಗೇ ಇತ್ತು. ತಟ್ಟೆ ಹಾಗೇ ಬಿಟ್ಟು ಎದ್ದೆ.

ಮಾರ್ಚ್ 2

ನಾಳೆ ಕಮಿಟಿ. ಫೋನ್ ಮಾಡಿದೆ. "ಹೇಳಿ ಸರ್" ಅಂದಳು. "ಆಲ್ ದಿ ಬೆಸ್ಟ್" ಅಂದು ಇಟ್ಟುಬಿಟ್ಟೆ. ಹೇಡಿ ನನ್ಮಗ ನಾನು.

ಮಾರ್ಚ್ 3, ಶುಕ್ರವಾರ. ಮಧ್ಯಾಹ್ನ, ಕಾರಿಡಾರ್ ಬೆಂಚ್

ಒಳಗೆ ಕಮಿಟಿ ಬಾಗಿಲು ಹಾಕ್ಕೊಂಡು ಮಾತಾಡ್ತಿದೆ.

ಹೊರಗಿಂದ ಬಂದಿರೋ ಎಕ್ಸಾಮಿನರ್ ಮೊದಲ ಪ್ಲಾಟಿಗೇ ಹಿಡಿದರು. ಬಾಟಮ್ ಕೆಳಗೂ ಐದು ಕ್ವಾರ್ಕಾ? ಇಷ್ಟೂ ಗೊತ್ತಿಲ್ವಾ? ಪ್ರೇರಣಾ ಹಿಂದಿನ ಸಾಲಲ್ಲಿದ್ದ ನನ್ನ ಕಡೆ ನೋಡಿದಳು. ನಾನು ಪೆನ್ನಿನ ಕ್ಯಾಪ್ ನೋಡ್ತಿದ್ದೆ. "ಮೈ ಮಿಸ್ಟೇಕ್, ಸರ್" ಅಂದಳು ಅವರಿಗೆ. ನನ್ನ ಹೆಸರು ಎತ್ತಲಿಲ್ಲ. ಗೋಪಿನಾಥ್ ಸರ್ ತಲೆ ಆಡಿಸಿದರು — ಮೊದಲಿಂದಲೂ ಕೇರ್‌ಲೆಸ್ಸೇ, ಅಂತ.

ಹೊರಗೆ ಬಂದು ನನ್ನ ಪಕ್ಕದಲ್ಲೇ ಕೂತಳು. "ಸರ್, ಹಾಗಾದ್ರೆ ನಿಮ್ಮ ನಂಬರ್ ಹೇಗೆ ಸರಿ ಬಂತು?" ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ್ದು.

ಹೇಳಿಬಿಟ್ಟೆ. ಎಲ್ಲ.

"ಯಾವಾಗ ಗೊತ್ತಾಯ್ತು?"

"ಹೋದ ತಿಂಗಳು."

"ನಾನು ಕ್ಯಾಂಟೀನಿಗೆ ಬಂದಾಗ?"

"ಗೊತ್ತಿತ್ತು."

"ಗೊತ್ತಿದ್ದೂ ಗುಡ್ ಅಂದ್ರಿ."

ಬೈಯಲಿಲ್ಲ. ಬೈದಿದ್ರೆ ಉಳ್ಕೊಳ್ತಿದ್ದೆ. ಎದ್ದು ಹೋಗಿ ಎದುರು ಬೆಂಚಲ್ಲಿ ಕೂತಳು. ಇಲ್ಲಿಂದ ಕಾಣ್ತಿದಾಳೆ, ನನ್ನ ಕಡೆ ನೋಡ್ತಿಲ್ಲ.

ಕಮಿಟಿ ವರದಿಗೆ ಇನ್ನೂ ಸಹಿ ಆಗಿರಲ್ಲ. ಒಳಗೆ ಹೋಗಿ ಹೇಳೋ ಬದಲು ಇಲ್ಲಿ ಕೂತು ಬರೀತಿದೀನಿ, ಇದೂ ತಪ್ಪಿಸಿಕೊಳ್ಳೋದೇ. ಕುರ್ಚಿ ಎಳೆಯೋ ಸದ್ದು. ಬಾಗಿಲು ತೆರೀತು. ಗೋಪಿನಾಥ್ ಸರ್. ಅವಳ ಹೆಸರು ಕರೀತಿದಾರೆ. ಅವಳು ಏಳೋಕೆ ಮೊದಲು ನಾನು—